ಕಲ್ಲುಮೂಳೆ

ಕಣ್ಣುಗಳನ್ನು ಎಡಕ್ಕೆ ಹೊರಳಿಸಿದ. ಕೇಳಿಸಿತು. ಬಲಕ್ಕೆ ಹೊರಳಿಸಿದ. ಆಗಲೂ ಕೇಳಿಸಿತು. ಒದ್ದೆ ಗಾಜಿನ ಮೇಲೆ ಯಾರೋ ಬೆರಳೆಳೆದಂತೆ ಸಣ್ಣದೊಂದು ಸದ್ದು, ಬಲಗಿವಿಯ ಹಿಂದೆ, ಮೂಳೆಯ ಒಳಗೆ.

ಕಣ್ಣು ಮುಚ್ಚಿಕೊಂಡು ಕೂತ. ಮುಚ್ಚಿದ ರೆಪ್ಪೆಯಡಿಯಲ್ಲೂ ಗುಡ್ಡೆಗಳು ಸುಮ್ಮನಿರಲಿಲ್ಲ.

ಅವನು ಕೂತಿದ್ದದ್ದು ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಕಿವಿ ಪರೀಕ್ಷೆಯ ಗೂಡಿನೊಳಗೆ. ಹೊರಗಿನ ಸದ್ದು ಬಾರದಂತೆ ಗೋಡೆಗೆಲ್ಲ ದಪ್ಪ ಸ್ಪಂಜು ಹೊದಿಸಿದ, ಒಂದೇ ಕುರ್ಚಿ ಹಿಡಿಸುವ ಗೂಡು. ಒಂದು ಪಕ್ಕಕ್ಕೆ ಗಾಜಿನ ಕಿಟಕಿ. ಅದರಾಚೆ ಯಂತ್ರ, ಯಂತ್ರದ ಮುಂದೆ ಇನ್ನೊಂದು ಕುರ್ಚಿ. ಹದಿನಾರು ವರ್ಷದಿಂದ ಅವನದು ಆಚೆಯ ಕುರ್ಚಿ. ಅಲ್ಲಿ ಕೂತು ಸಣ್ಣದು ದೊಡ್ಡದು ಸದ್ದು ಬಿಟ್ಟು, ಒಳಗಿದ್ದವರು ಬೆರಳೆತ್ತಿದಾಗೆಲ್ಲ ಕಾಗದದ ಮೇಲೆ ಗುರುತು ಹಾಕುವುದು ಅವನ ಕೆಲಸ. ಈ ನಾಲ್ಕು ತಿಂಗಳಿಂದ ಮಾತ್ರ, ಉಳಿದವರಿಗಿಂತ ಅರ್ಧ ಗಂಟೆ ಮುಂಚೆ ಬಂದು, ಈಚೆಯ ಕುರ್ಚಿಯಲ್ಲಿ ಕೂರುತ್ತಿದ್ದ.

ಶುರುವಾದದ್ದು ಪತ್ರಿಕೆ ಓದುವಾಗ. ಒಂದೊಂದು ಸಾಲು ಮುಗಿದು ಕಣ್ಣು ಮುಂದಿನ ಸಾಲಿಗೆ ಹಾರಿದಾಗಲೂ ಏನೋ ಪರಪರ ಅಂದಿತು. ಇಲಿ ಅಂದುಕೊಂಡ. ಎರಡು ರಾತ್ರಿ ಬೋನಿಟ್ಟ. ಬೋನಿಗೆ ಏನೂ ಬೀಳಲಿಲ್ಲ. ಮೂರನೆಯ ದಿನ, ಸದ್ದು ತನ್ನ ಕಣ್ಣುಗುಡ್ಡೆಯದೇ, ಬೋನಿಗೆ ತಾನೇ ಬಿದ್ದಿದ್ದೇನೆಂದು ಗೊತ್ತಾಯಿತು. ಆಮೇಲೆ ಒಂದೊಂದೇ ಬಂದವು. ಎದೆಯ ಬಡಿತ. ಹಿಮ್ಮಡಿ ನೆಲಕ್ಕೆ ತಾಗುವ ದಢ್. ಅಗಿಯುವಾಗಿನ ಗದ್ದಲ. ಎಲ್ಲಕ್ಕಿಂತ ಕೆಟ್ಟದ್ದು ಅವನದೇ ಮಾತು: ಬಾಯಿ ಬಿಟ್ಟರೆ ಖಾಲಿ ಪೀಪಾಯಿಯೊಳಗೆ ಮುಖವಿಟ್ಟು ಕೂಗಿದ ಹಾಗೆ ಬುರುಡೆಯೆಲ್ಲ ಗುಂಯ್‌ಗುಡುತ್ತಿತ್ತು. ಮಾತು ಕಡಿಮೆ ಮಾಡಿದ. ಆಮೇಲೆ, ಕೆಲಸಕ್ಕೆ ಬೇಕಾದಷ್ಟನ್ನುಳಿದು, ನಿಲ್ಲಿಸಿಯೇಬಿಟ್ಟ.

ಒಂದು ದಿನ ಮೇಜಿನ ಖಾನೆಯಿಂದ ಕಿವಿ ಪರೀಕ್ಷೆಗೆ ಬಡಿದು ನಾದ ಎಬ್ಬಿಸುವ ಉಕ್ಕಿನ ಕವಲುಕಡ್ಡಿಯನ್ನು ತೆಗೆದು, ಮೊಣಕಾಲಿಗೆ ಬಡಿದು, ಅದು ನಡುಗುತ್ತಿರುವಾಗಲೇ ಬುಡವನ್ನು ಪಾದದ ಗಂಟಿನ ಮೂಳೆಗೆ ಒತ್ತಿದ್ದ. ಅಷ್ಟು ದೂರದಿಂದ ಯಾರ ಕಿವಿಗೂ ಅದು ಕೇಳಿಸುವುದಿಲ್ಲ. ಅವನಿಗೆ ಕೇಳಿಸಿತು, ಬಲಗಿವಿಯಲ್ಲಿ, ಸ್ಪಷ್ಟವಾಗಿ. ಕಾಲಲ್ಲಿ ಹುಟ್ಟಿದ ನಾದ ಮೈಯೆಲ್ಲ ಹತ್ತಿ ಬಂದು ತಲೆಯೊಳಗೆ ಬಾಗಿಲು ತೆರೆದು ಒಳಬಂದಿತ್ತು. ಇಲ್ಲದ ಬಾಗಿಲು ಯಾವಾಗ ಆಯಿತು ಎಂದು ಯೋಚಿಸುತ್ತ ಕಡ್ಡಿಯನ್ನು ಖಾನೆಯೊಳಗೆ ಹಿಂದಕ್ಕೆ ತಳ್ಳಿದ.

ಡಾಕ್ಟರಮ್ಮನ ಹತ್ತಿರ ಮಾತ್ರ ಹೇಳಿಕೊಂಡಿದ್ದ. ಸ್ಕ್ಯಾನ್ ಆಗಿತ್ತು. ಈವತ್ತು ಮೂರು ಗಂಟೆಗೆ ಫಲಿತಾಂಶ. ಬೇರೆ ಯಾರಿಗೂ ಗೊತ್ತಾಗಬಾರದೆಂದು ಕೈಮುಗಿದು ಕೇಳಿಕೊಂಡಿದ್ದ. ಕಿವಿ ಪರೀಕ್ಷೆ ಮಾಡುವವನ ಕಿವಿಯೇ ಕೆಟ್ಟಿದೆ ಅಂದರೆ ಬೋಳನ ಕೈಗೆ ಕೂದಲೆಣ್ಣೆ ಮಾರಲು ಕೊಟ್ಟ ಹಾಗೆ. ನಗುತ್ತಾರೆ. ನಕ್ಕ ಮೇಲೆ ಕುರ್ಚಿಯಿಂದ ಎಬ್ಬಿಸುತ್ತಾರೆ.

ಬಾಗಿಲು ಬಡಿದ ಸದ್ದಾಯಿತು. ಆಯಾ.

"ಕಿವಿ ಮೇಷ್ಟ್ರೇ, ಒಳಗೇನ್ ಮಾಡ್ತಿದ್ದೀರಿ? ಪೇಷಂಟು ಬಂದಿದ್ದಾರೆ."

ಪ್ಲಾಸ್ಟಿಕ್ಕಿನ ಕಿವಿಯೊಂದನ್ನು ಹಿಡಿದು ಬಂದವರಿಗೆಲ್ಲ ಪಾಠ ಹೇಳುವ ಅಭ್ಯಾಸದಿಂದ ಬಂದ ಹೆಸರು ಅದು. ಈಚೆಗೆ ಪಾಠ ನಿಂತಿತ್ತು. ಹೆಸರು ನಿಂತಿರಲಿಲ್ಲ.

ಗಂಡ ಹೆಂಡತಿ ಬಂದರು. ಗಂಡ ಮುಂದೆ. ನಲವತ್ತೈದರ ಆಸುಪಾಸು, ಮಡಿಕೆ ಕೆಡದ ಷರ್ಟು, ಜೇಬಿನಲ್ಲಿ ಪೆನ್ನು. ಮಾತು ಎಷ್ಟು ಮೆಲ್ಲಗೆಂದರೆ ಕೇಳುವವರು ಬಗ್ಗಬೇಕು. ಹೆಂಡತಿ ಅವನಿಗಿಂತ ಹತ್ತು ವರ್ಷ ಚಿಕ್ಕವಳಿರಬಹುದು. ಕುರ್ಚಿಯ ತುದಿಯಲ್ಲಿ, ಎದ್ದು ಹೋಗುವವಳ ಹಾಗೆ ಕೂತಳು.

ಹೇಳಬೇಕಾದ್ದನ್ನೆಲ್ಲ ಗಂಡನೇ ಹೇಳಿದ. ಒಂದೂವರೆ ತಿಂಗಳ ಹಿಂದೆ ಮನೆಯಲ್ಲಿ ಮಾತಿಗೆ ಮಾತು ಬೆಳೆದಿತ್ತು. ಕೈ ತಾಗಿತ್ತು, ಅಷ್ಟೆ. ಅವತ್ತಿನಿಂದ ಎಡಗಿವಿ ಕೇಳುವುದಿಲ್ಲ ಅನ್ನುತ್ತಾಳೆ. ಅವಳ ಅಣ್ಣನಿಗೂ ಹಾಗೇ ಹೇಳಿ ಕಳಿಸಿದ್ದಾಳೆ. ಅಣ್ಣ ಒಳ್ಳೆಯ ಮನುಷ್ಯ, ಆದರೆ ಲೆಕ್ಕದ ಮನುಷ್ಯ: ಆಸ್ಪತ್ರೆಯ ಕಾಗದ ತೋರಿಸಿದರೆ ಬಂದು ತಂಗಿಯನ್ನು ಕರೆದುಕೊಂಡು ಹೋಗುತ್ತಾನಂತೆ, ಕಾಗದವಿಲ್ಲದಿದ್ದರೆ ಗಂಡ ಹೆಂಡಿರ ಜಗಳದಲ್ಲಿ ತಲೆ ಹಾಕುವುದಿಲ್ಲವಂತೆ.

"ನಿಜ ಏನೋ ಅದು ಬರೀರಿ ಸರ್," ಎಂದ ಗಂಡ. "ನನಗೆ ಬೇರೇನೂ ಬೇಡ."

ನಿಜ ಎಂಬ ಮಾತನ್ನು ಅಷ್ಟು ಮೃದುವಾಗಿ ಯಾರಾದರೂ ಹೇಳಿದ್ದನ್ನು ಅವನು ಕೇಳಿರಲಿಲ್ಲ. ಗಂಡನನ್ನು ಹೊರಗಿನ ಬೆಂಚಿನಲ್ಲಿ ಕೂರಲು ಹೇಳಿದ. ದೀಪದ ನಳಿಗೆಯಿಂದ ಅವಳ ಎಡಗಿವಿಯೊಳಗೆ ನೋಡಿದ. ಕಿವಿಯ ತಮಟೆ ಹರಿದಿತ್ತು, ಹರಿದು ಕೂಡಿತ್ತು. ಹೊಲಿದ ಬಟ್ಟೆಯ ಹಾಗೆ ಒಂದು ಬಿಳಿ ಗೆರೆ. ಗಾಯ ನಿಜ. ವಾಸಿಯಾದದ್ದೂ ನಿಜ.

ಅವಳನ್ನು ಗೂಡಿನಲ್ಲಿ ಕೂರಿಸಿ, ಹೆಡ್‌ಫೋನು ತೊಡಿಸಿ, ಕೇಳಿಸಿದಾಗೆಲ್ಲ ಬೆರಳೆತ್ತಲು ಹೇಳಿ ಆಚೆ ಬಂದ. ಬಲಗಿವಿಗೆ ಬಿಟ್ಟ ಸದ್ದಿಗೆಲ್ಲ ಬೆರಳೆತ್ತಿದಳು. ಎಡಗಿವಿಗೆ ಎಷ್ಟು ಏರಿಸಿದರೂ ಬೆರಳು ಮಡಿಲಲ್ಲೇ ಉಳಿಯಿತು. ತುಂಬ ಏರಿಸಿದಾಗ ರೆಪ್ಪೆ ಮಾತ್ರ ಒಂದು ಸಲ ಹಾರಿತು.

ಸುಳ್ಳು ಹಿಡಿಯಲು ಅವನ ಕಸುಬಿನಲ್ಲಿ ಒಂದು ಉಪಾಯವಿದೆ. ಒಂದೇ ಸದ್ದನ್ನು ಎರಡೂ ಕಿವಿಗೆ ಒಟ್ಟಿಗೆ ಬಿಡುವುದು. ಒಳ್ಳೆಯ ಕಿವಿಗೆ ಮೆಲ್ಲಗೆ, ಕೆಟ್ಟದೆಂದು ಹೇಳುವ ಕಿವಿಗೆ ಜೋರಾಗಿ. ನಿಜವಾಗಿ ಕೆಟ್ಟಿದ್ದರೆ ಒಳ್ಳೆಯ ಕಿವಿಗೆ ಕೇಳಿಸಿ ಬೆರಳು ಮೇಲೇಳುತ್ತದೆ. ನಟನೆಯಾದರೆ ಜೋರಾದ ಸದ್ದೊಂದೇ ಕೇಳಿಸುತ್ತದೆ. ಅದು ಕೆಟ್ಟ ಕಿವಿಯದಾದ್ದರಿಂದ ಅವರು ಸುಮ್ಮನಿರುತ್ತಾರೆ. ಆ ಸುಮ್ಮನಿರುವಿಕೆಯೇ ತಪ್ಪೊಪ್ಪಿಗೆ. ಹದಿನಾರು ವರ್ಷದಲ್ಲಿ ಈ ಬಲೆಯಿಂದ ತಪ್ಪಿಸಿಕೊಂಡವರನ್ನು ಅವನು ಕಂಡಿರಲಿಲ್ಲ, ಅದರ ಬಗ್ಗೆ ಅವನಿಗೆ ಸಣ್ಣ ಹೆಮ್ಮೆಯೂ ಇತ್ತು.

ಸದ್ದು ಬಿಟ್ಟ. ಅವಳು ಸುಮ್ಮನಿದ್ದಳು. ಇನ್ನೊಮ್ಮೆ. ಸುಮ್ಮನಿದ್ದಳು. ಮೂರನೆಯ ಸಲಕ್ಕೆ ಅವಳು ತಲೆಯೆತ್ತಿ ಗಾಜಿನಾಚೆ ಅವನ ಮುಖ ನೋಡಿದಳು. ಎಲ್ಲಿ ಎಡವಿದೆನೆಂದು ಅವಳಿಗೆ ತಿಳಿಯದು, ಎಡವಿದ್ದು ತಿಳಿಯಿತು.

ಮುಂದೆ ತೂಗುತ್ತಿದ್ದ ಮೈಕಿಗೆ ಬಾಯಿ ಹತ್ತಿರ ತಂದಳು.

"ಸರ್, ಅವರು ಹೊರಗೇ ಇದ್ದಾರಾ?"

ಇದ್ದಾರೆಂದು ಸನ್ನೆ ಮಾಡಿದ.

"ಕೇಳಲ್ಲ ಅಂತ ಬರೀರಿ ಸರ್. ನಮ್ಮಣ್ಣ ನನ್ನ ಮಾತು ನಂಬಲ್ಲ. ಕಾಗದ ನಂಬ್ತಾನೆ."

ಅವನ ಕಿವಿಗೆ ಸಿಕ್ಕಿಸಿಕೊಂಡಿದ್ದ ತಂತಿಯಲ್ಲಿ ಆ ಮಾತು ಒಂದಕ್ಷರವೂ ಮಾಸದೆ ಬಂತು. ಕೂಡಲೇ ಎದೆ ಬಡಿಯತೊಡಗಿತು. ಬುರುಡೆಯ ತುಂಬ, ಯಾರೋ ಮೇಲಿನ ಮಹಡಿಯಲ್ಲಿ ಓಡುತ್ತಿರುವ ಹಾಗೆ. ಈ ಓಟ ಅವಳಿಗೂ ಕೇಳಿಸುತ್ತಿದೆಯೇ ಎಂಬ ಅನುಮಾನ ಬಂತು. ಹೊರಗಿನ ಬೆಂಚಿನವರೆಗೂ?

"ಏನಂದ್ರಿ?" ಎಂದ.

ಅವಳು ಅವನನ್ನೇ ನೋಡಿದಳು. ಕಿವುಡರನ್ನು ನೋಡುವ ಹಾಗಲ್ಲ.

"ಏನಿಲ್ಲ ಸರ್," ಎಂದು ಮೈಕಿನಿಂದ ಹಿಂದೆ ಸರಿದಳು.

ಕಾಗದದ ಮುಂದೆ ಅವನು ತುಂಬ ಹೊತ್ತು ಕೂರಲಿಲ್ಲ. ಕೂತಿದ್ದರೆ ಚೆನ್ನಾಗಿತ್ತೆಂದು ಆಮೇಲೆ ಅನ್ನಿಸಿತು. ಆಗ ತೋಚಿದ್ದೆಲ್ಲ ಒಂದೇ ದಿಕ್ಕಿನವು. ಯಂತ್ರ ಹೇಳಿದ್ದು ಯಂತ್ರದಲ್ಲಿ ಉಳಿದಿದೆ. ಸುಳ್ಳು ಬರೆದು, ಇನ್ನೊಂದು ಆಸ್ಪತ್ರೆಯಲ್ಲಿ ಮತ್ತೆ ಪರೀಕ್ಷೆಯಾಗಿ, ಪ್ರಶ್ನೆ ಬಂದರೆ? ಈ ಪರೀಕ್ಷಕನ ಕಿವಿ ಸರಿಯಿದೆಯೋ ನೋಡಿ ಅಂದುಬಿಟ್ಟರೆ? ಮೊದಲು ಆ ಕುರ್ಚಿಯಲ್ಲಿ ಕೂರಿಸುವುದು ಅವನನ್ನೇ. 'ಎರಡೂ ಕಿವಿ ಸಹಜ' ಎಂದು ಬರೆದ. ತಮಟೆಯ ಬಿಳಿ ಗೆರೆಗೆ ಆ ನಮೂನೆಯಲ್ಲಿ ಕಾಲಮ್ಮು ಇರಲಿಲ್ಲ. ಕೊನೆಯಲ್ಲಿ ಷರಾ ಎಂದು ಒಂದು ಜಾಗವಿತ್ತು. ಅಲ್ಲಿ ಅಡ್ಡಗೆರೆ ಎಳೆದ.

ಗಂಡ ಕಾಗದ ಓದಿದ. ಎರಡು ಮಡಿಕೆ ಮಾಡಿ ಪೆನ್ನಿನ ಪಕ್ಕ ಇಟ್ಟುಕೊಂಡ. ತುಂಬ ಉಪಕಾರವಾಯಿತು ಎಂದ. ಆಮೇಲೆ ಹೆಂಡತಿಯ ಎಡಗಿವಿಯ ಹತ್ತಿರ ಬಗ್ಗಿ ಏನೋ ಹೇಳಿದ. ತನ್ನ ಕಣ್ಣುಗುಡ್ಡೆಯ ಸದ್ದು ಕೇಳುವವನಿಗೆ ಮೂರು ಅಡಿ ದೂರದ ಆ ಮಾತು ಕೇಳಿಸಲಿಲ್ಲ. ಅವಳು ಕಿವಿಯ ಮೇಲೆ ಬಿದ್ದಿದ್ದ ಕೂದಲನ್ನು ಹಿಂದಕ್ಕೆ ಸರಿಸಿಕೊಂಡಳು, ಚೆನ್ನಾಗಿ ಕೇಳಲಿ ಎನ್ನುವ ಹಾಗೆ. ಇಬ್ಬರೂ ಮೆಟ್ಟಿಲಿಳಿದು ಹೋದರು.

ಆಮೇಲೆ ಒಂಬತ್ತು ಜನ ಬಂದರು. ಬೆರಳೆತ್ತಿದರು, ಹೋದರು.

ಮೂರು ಗಂಟೆಗೆ ಡಾಕ್ಟರಮ್ಮ ಕಪ್ಪು ಹಾಳೆಯನ್ನು ದೀಪದ ಹಲಗೆಗೆ ಸಿಕ್ಕಿಸಿ, ಪೆನ್ನಿನ ತುದಿಯಿಂದ ತೋರಿಸಿದರು. ಎರಡು ಬೆಳ್ಳನೆಯ ಗುಡ್ಡ, ತಲೆಯ ಆ ಬದಿಗೊಂದು ಈ ಬದಿಗೊಂದು.

"ಇದು ನಿಮಗೆ ಗೊತ್ತಿರೋದೇ. ಒಳಗಿವಿಯನ್ನ ಕಾಯೋ ಮೂಳೆ. ನಾವು ಓದುವಾಗ ಕಲ್ಲುಮೂಳೆ ಅಂತ ಕರೀತಿದ್ವಿ. ಮೈಯಲ್ಲಿ ಇದಕ್ಕಿಂತ ಗಟ್ಟಿ ಮೂಳೆ ಇಲ್ಲ."

ಗೊತ್ತಿತ್ತು. ಪ್ಲಾಸ್ಟಿಕ್ ಕಿವಿ ಹಿಡಿದು ಅವನೇ ಎಷ್ಟು ಜನಕ್ಕೆ ಹೇಳಿದ್ದ: ಶಂಖದಂಥ ಸೂಕ್ಷ್ಮ ವಸ್ತು, ಅದಕ್ಕೇ ದೇಹ ಅದನ್ನು ಬಂಡೆಯೊಳಗೆ ಬಚ್ಚಿಟ್ಟಿದೆ, ಹೆದರಬೇಡಿ.

"ಎಡಗಡೆ ನೋಡಿ, ಮೇಲೆ ಗೆರೆ ಪೂರ್ತಿ ಇದೆ. ಬಲಗಡೆ, ಇಲ್ಲಿ, ಇಲ್ಲ."

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ. ಎಳ್ಳುಕಾಳಿನಷ್ಟು ಜಾಗ. ಮೂಳೆ ಇರಬೇಕಾದ ಕಡೆ ಮೂಳೆ ಇಲ್ಲ. ಮೈಯೊಳಗಿನ ಸದ್ದೆಲ್ಲ ಅಲ್ಲಿಂದ ಒಳಗಿವಿಗೆ ನುಗ್ಗುತ್ತೆ."

ಯಾಕೆ ಹೀಗಾಯಿತು ಎಂದು ಕೇಳಿದ. ಕೆಲವರಿಗೆ ಹುಟ್ಟಿನಿಂದಲೇ ಅಲ್ಲಿ ತೆಳು, ಮೊಟ್ಟೆಯ ಸಿಪ್ಪೆಯಷ್ಟು. ಎಷ್ಟೋ ವರ್ಷ ತಡೆಯುತ್ತದೆ, ಒಂದು ದಿನ ತಡೆಯುವುದಿಲ್ಲ ಎಂದರು ಡಾಕ್ಟರಮ್ಮ. ಬುರುಡೆ ತೆರೆದು ಅವನದೇ ಮೂಳೆಯ ಪುಡಿಯಿಂದ ಆ ತೂತು ಮುಚ್ಚಬಹುದು. ಸಾಮಾನ್ಯವಾಗಿ ಸರಿಹೋಗುತ್ತದೆ. ಸರಿಹೋಗದಿದ್ದರೆ ಆ ಕಿವಿಯ ಕೇಳುವಿಕೆ ಹೋಗಬಹುದು. ಮಾಡಿಸದೆ ಬಿಟ್ಟರೂ ಪ್ರಾಣಕ್ಕೇನಿಲ್ಲ. ಹೀಗೇ ಇರಬೇಕು, ಅಷ್ಟೆ.

ಹೀಗೇ ಇರಬೇಕು ಎಂಬುದನ್ನು ಅವರು ಹವಾಮಾನ ಹೇಳುವ ಹಾಗೆ ಹೇಳಿದರು.

"ಮನೆಯವರನ್ನ ಕರ್ಕೊಂಡು ಬನ್ನಿ, ಅವರ ಸಹಿ ಬೇಕು. ಹೇಳಿದ್ದೀರಿ ತಾನೇ?"

"ಹೇಳಿದ್ದೀನಿ," ಎಂದ. ಹೇಳಿರಲಿಲ್ಲ.

ಏಳುವಷ್ಟರಲ್ಲಿ ಡಾಕ್ಟರಮ್ಮ ಕೇಳಿದರು: "ಬೆಳಿಗ್ಗೆ ಒಬ್ಬಳನ್ನ ಕಳಿಸಿದ್ದೆನಲ್ಲ, ಎಡಗಿವಿ. ಏನು ಬಂತು?"

"ಸಹಜ."

"ಏನಾದ್ರೂ ಹೇಳಿದಳಾ?"

ಕಣ್ಣುಗುಡ್ಡೆ ಪಕ್ಕಕ್ಕೆ ಸರಿಯಿತು. ಕೇಳಿಸಿತು.

"ಇಲ್ಲ."

ಡಾಕ್ಟರಮ್ಮ ಕಪ್ಪು ಹಾಳೆಯನ್ನು ಲಕೋಟೆಗೆ ಹಾಕಿದರು. "ಹೇಳಿಯಾಳು ಅಂದ್ಕೊಂಡಿದ್ದೆ. ಒಂದು ಮಾತು ಹೇಳಿದ್ದಿದ್ರೆ ಏನಾದ್ರೂ ನೆಪ ಹುಡುಕಿ ನಾಲ್ಕು ದಿನ ವಾರ್ಡಲ್ಲಿ ಇಟ್ಕೊಂಡು, ಅವಳಣ್ಣನ್ನ ನಾನೇ ಕರೆಸ್ತಿದ್ದೆ. ಹೋಗಲಿ, ಸಹಜ ಇದ್ರೆ ಸಹಜ."

ಸುಳ್ಳು ಬರೆಯದೆಯೂ ದಾರಿಯಿತ್ತು. ಒಂದು ಮಹಡಿ ಇಳಿದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು.

ಲಕೋಟೆ ಕಂಕುಳಲ್ಲಿಟ್ಟು ಬೀದಿಗಿಳಿದ. ಪ್ರತಿ ಹೆಜ್ಜೆಯೂ ತಲೆಯೊಳಗೆ ಬೀಳುತ್ತಿತ್ತು. ಯಾರೋ ಬೆನ್ನ ಹಿಂದೆಯೇ ಬರುತ್ತಿದ್ದಾರೆ. ತಾನು ನಿಂತರೆ ನಿಲ್ಲುತ್ತಾರೆ. ತನ್ನದೇ ಹೆಜ್ಜೆಯೆಂದು ಗೊತ್ತಿದ್ದೂ ಎರಡು ಸಲ ತಿರುಗಿ ನೋಡಿದ. ಬೀದಿಯ ತುಂಬ ಮಡಿಕೆ ಕೆಡದ ಷರ್ಟಿನವರು. ಯಾರ ಜೇಬಿನಲ್ಲಿ ಯಾವ ಕಾಗದವಿದೆಯೋ. ಅಡ್ಡರಸ್ತೆಯಲ್ಲಿ ಲಾರಿಯೊಂದು ಹಾರನ್ ಹೊಡೆದಾಗ ರಸ್ತೆ, ಅಂಗಡಿಗಳು, ಆಕಾಶ ಎಲ್ಲ ಒಂದು ಬದಿಗೆ ವಾಲಿದವು. ಅದೂ ಆ ಎಳ್ಳುಕಾಳಿನ ಕೆಲಸವೇ. ಕಂಬ ತಬ್ಬಿಕೊಂಡು ನಿಂತ. ಹಗಲಲ್ಲೇ ಏರಿಸಿದ್ದಾನೆ ನೋಡು ಎಂದು ಹಣ್ಣಿನ ಗಾಡಿಯವಳು ಯಾರಿಗೋ ಹೇಳಿದಳು. ಅಷ್ಟು ಸುಲಭವಾಗಿದ್ದಿದ್ದರೆ ಎಂದುಕೊಂಡ.

ಮನೆ ತಲುಪಿದಾಗ ಇನ್ನೂ ಬಿಸಿಲಿತ್ತು. ಹೆಂಡತಿ ಕಿಟಕಿಯ ಪಕ್ಕ ಕೂತು ಕೈಯಲ್ಲೇ ಗುಂಡಿ ಹೊಲಿಯುತ್ತಿದ್ದಳು. ಅವನನ್ನು ಕಂಡು ಎದ್ದು ಕುರ್ಚಿಯನ್ನು ಎಳೆಯಲಿಲ್ಲ, ಎತ್ತಿ ಇಟ್ಟಳು. ನೀರು ತಂದು ಲೋಟವನ್ನು ಮೇಜಿನ ಮೇಲೆ, ಮಡಿಸಿದ ಬಟ್ಟೆಯ ಮೇಲೆ ಇಟ್ಟಳು. ಅವನು ಗುಟುಕರಿಸುತ್ತ ಮೂಲೆ ನೋಡಿದ. ಗೋಡೆಯ ಬದಿ ನೆಲದಲ್ಲಿ ನಾಲ್ಕು ದುಂಡನೆಯ ಗುರುತು. ಅವುಗಳ ನಡುವಿನ ಗಾರೆ ಉಳಿದದ್ದಕ್ಕಿಂತ ಬೆಳ್ಳಗಿತ್ತು.

"ಹೊಲಿಗೆ ಮಿಷನ್ ಎಲ್ಲಿ?" ಎಂದ.

"ಎದುರು ಮನೆ ವರಾಂಡದಲ್ಲಿ."

"ರಿಪೇರಿಗಾ?"

"ಅಲ್ಲ. ಅಲ್ಲೇ ಹೊಲೀತೀನಿ. ಎರಡು ತಿಂಗಳಾಯ್ತು."

ಎರಡು ತಿಂಗಳಿಂದ ಅವನು ಈ ಕುರ್ಚಿಯಲ್ಲಿ ಕೂತು ಈ ಮೂಲೆಯನ್ನೇ ನೋಡಿದ್ದ. ದೇಹದ ಒಳಗಿನ ಒಂದೊಂದು ಕಿರುಗುಟ್ಟುವಿಕೆಗೂ ಲೆಕ್ಕವಿಟ್ಟಿದ್ದ. ಮನೆಯಿಂದ ಒಂದು ಕಬ್ಬಿಣದ ಯಂತ್ರ, ಇಬ್ಬರು ಹಿಡಿದೆತ್ತಬೇಕಾದದ್ದು, ಹೊರಗೆ ಹೋದದ್ದು ಗೊತ್ತಾಗಿರಲಿಲ್ಲ.

"ನಾನು ತೆಗೀ ಅಂದಿದ್ನಾ?"

"ನೀವು ಅನ್ನಬೇಕಾ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳ ಮಾತು ಇಷ್ಟು ಮೆಲ್ಲಗಾದದ್ದು ಯಾವಾಗಿನಿಂದ? ಕೇಳಲು ಅವನು ಬಗ್ಗಬೇಕಾಯಿತು. ಬಗ್ಗಿದಾಗ ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

ಆಮೇಲೆ, ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಮಿಷನ್ ಹೊರಗೆ ಹೋಗಲು ಕಾರಣವಾದ ದಿನದ್ದನ್ನು ಹೇಳಿದಳು. ಅವಳು ಹೊಲಿಯುತ್ತಿದ್ದಳು. ಅವನು ಹಿಂದಿನಿಂದ ಬಂದು ನಿಂತಿದ್ದ. ಏನೂ ಹೇಳಲಿಲ್ಲ. ತಿರುಗುತ್ತಿದ್ದ ಚಕ್ರದ ಮೇಲೆ ಅಂಗೈ ಇಟ್ಟು ಒತ್ತಿ ಹಿಡಿದ. ಸೂಜಿ ಅವಳ ಬೆರಳಿನ ಉಗುರಿಗೆ ತಾಗಿ ನಿಂತಿತು. ಅವನು ಕೈ ತೆಗೆಯಲಿಲ್ಲ. ಕಣ್ಣು ಮುಚ್ಚಿಕೊಂಡು ಎಷ್ಟೋ ಹೊತ್ತು ಹಾಗೇ ನಿಂತಿದ್ದ, ನಗುತ್ತಿದ್ದ. ಮಗು ಬಾಗಿಲಲ್ಲಿ ನಿಂತು ನೋಡುತ್ತಿತ್ತು.

ಅವನಿಗೆ ಆ ದಿನ ನೆನಪಿತ್ತು. ಆದರೆ ಅವನ ನೆನಪಿನಲ್ಲಿ ಬೆರಳಿರಲಿಲ್ಲ, ಮಗುವಿರಲಿಲ್ಲ. ಗದ್ದಲ ನಿಂತ ಮೇಲಿನ ಆ ಒಂದು ಗಳಿಗೆಯ ಸುಖವಷ್ಟೇ ಇತ್ತು.

"ನಿಮ್ಮನ್ನ ಕಂಡ್ರೆ ಹೆದರಿಕೆ ಆಗುತ್ತೆ," ಎಂದಳು. "ಏನು ತಪ್ಪು ಮಾಡಿದ್ದೀನಿ ಅಂತ ಗೊತ್ತಾಗಿದ್ರೆ ಆಗ್ತಿರಲಿಲ್ಲವೇನೋ."

ಲಕೋಟೆ ಇನ್ನೂ ಕಂಕುಳಲ್ಲಿತ್ತು. ತೆಗೆದು ತೋರಿಸಿದ್ದರೆ ಸಾಕಿತ್ತು. ತಲೆಯಲ್ಲಿ ಎಳ್ಳುಕಾಳಿನಷ್ಟು ತೂತು, ನಿನ್ನದೇನೂ ತಪ್ಪಿಲ್ಲ, ಒಂದೇ ವಾಕ್ಯ. ಬಾಯಿ ತೆರೆದ. ಗಂಟಲಲ್ಲಿ ಗಾಳಿ ತುಂಬಿಕೊಳ್ಳುವ ಸದ್ದೇ ಬಿರುಗಾಳಿಯ ಹಾಗೆ ಮೊರೆಯಿತು.

"ಆಸ್ಪತ್ರೇಲಿ ಕೆಲಸ ಜಾಸ್ತಿ," ಎಂದ.

ಅವಳು ಸೂಜಿ ಕಿತ್ತುಕೊಂಡು ಮತ್ತೆ ಹೊಲಿಯತೊಡಗಿದಳು.

"ಮಗು ಎಲ್ಲಿ? ಸದ್ದೇ ಇಲ್ಲ."

"ಒಳಗಿದೆ. ಸದ್ದು ಮಾಡಲ್ಲ."

ಮಾಡಲ್ಲ ಎಂದಾಗ ಅವಳ ದನಿಯಲ್ಲಿ ಭರವಸೆ ಕೊಡುವವರ ಆತುರವಿತ್ತು.

ಒಳಕೋಣೆಯಲ್ಲಿ ಏಳು ವರ್ಷದ ಮಗಳು ಮಂಚಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ಕೂತಿದ್ದಳು. ಎರಡೂ ಅಂಗೈಗಳನ್ನು ಕಿವಿಗೆ ಬಿಗಿಯಾಗಿ ಒತ್ತಿಕೊಂಡಿದ್ದಳು. ಕಣ್ಣು ಮುಚ್ಚಿತ್ತು, ಬಾಯಿಯೂ ಮುಚ್ಚಿತ್ತು. ಗಂಟಲು ಮಾತ್ರ ಮಿಡಿಯುತ್ತಿತ್ತು. ಶಾಲೆಯ ಪದ್ಯವೇನನ್ನೋ ಗುಂಯ್‌ಗುಡುತ್ತಿದ್ದಳು. ಹೊರಗೆ ಏನೇನೂ ಕೇಳುತ್ತಿರಲಿಲ್ಲ. ಕಿವಿ ಮುಚ್ಚಿಕೊಂಡು ಗುಂಯ್‌ಗುಟ್ಟಿದರೆ ಒಳಗೆ ಎಷ್ಟು ದೊಡ್ಡದಾಗಿ ಕೇಳುತ್ತದೆಂದು ಅವಳೇ ಕಂಡುಹಿಡಿದಿರಬೇಕು. ಯಾರಿಗೂ ತೊಂದರೆಯಿಲ್ಲದ ಆಟ. ಮುಖದ ಮೇಲೆ ನಗು ಆಡುತ್ತಿತ್ತು.

ಅವನು ಮೊಣಕಾಲೂರಿ ಕೂತ. ಅವಳು ಕಣ್ಣು ಬಿಟ್ಟಳು. ಗಂಟಲಿನ ಮಿಡಿತ ನಿಂತಿತು. ನಗು ಹೋಯಿತು. ಕೈಗಳು ಮಾತ್ರ ಅಲ್ಲೇ ಇದ್ದವು.

ಇಳಿಸೋಣವೆಂದು ಕೈ ಚಾಚಿದ. ಬೆರಳ ತುದಿಗಳು ಬೆಳ್ಳಗಾಗುವಷ್ಟು ಅವಳು ಇನ್ನೂ ಬಿಗಿಯಾಗಿ ಒತ್ತಿಕೊಂಡಳು. ಅವನು ಕೈ ಹಿಂದೆ ತೆಗೆದುಕೊಂಡ.

ಆಮೇಲೆ, ಅಲ್ಲೇ ನೆಲದ ಮೇಲೆ ಕೂತು, ಹೇಳತೊಡಗಿದ. ಬುರುಡೆ ಗುಂಯ್‌ಗುಟ್ಟಿತು, ಗೋಡೆ ಸ್ವಲ್ಪ ವಾಲಿತು, ನಿಲ್ಲಿಸಲಿಲ್ಲ. ಅಪ್ಪನ ಕಿವಿಯ ಹಿಂದೆ ಒಂದು ಮೂಳೆಯಿದೆ, ಕಲ್ಲಿನ ಹಾಗೆ ಗಟ್ಟಿ, ಅದರಲ್ಲೊಂದು ಸಣ್ಣ ತೂತು ಬಿದ್ದಿದೆ ಎಂದ. ಅದಕ್ಕೇ ಅಪ್ಪ ಮಾತಾಡುವುದಿಲ್ಲ ಎಂದ. ಬೆಳಿಗ್ಗೆ ಒಬ್ಬರು ಅಪ್ಪನ ಹತ್ತಿರ ಒಂದು ಮಾತು ಹೇಳಿದರು, ಅಪ್ಪನಿಗೆ ಕೇಳಿಸಿತು, ಅಪ್ಪ ಕೇಳಿಸಲಿಲ್ಲ ಅಂದುಬಿಟ್ಟ ಎಂದ. ಈಗ ಅವರ ಮನೆಯಲ್ಲಿ ಏನಾಗುತ್ತಿದೆಯೋ ಗೊತ್ತಿಲ್ಲ ಎಂದ. ಅಪ್ಪನಿಗೆ ಹೆದರಿಕೆಯಾಗುತ್ತದೆ ಎಂದ.

ಮಗಳು ಅವನ ತುಟಿಗಳನ್ನೇ ನೋಡುತ್ತಿದ್ದಳು. ತುಟಿ ನಿಂತಾಗೆಲ್ಲ, ಕಿವಿಯ ಮೇಲಿನ ಕೈ ತೆಗೆಯದೆ, ಜಾಣಮಗುವಿನ ಹಾಗೆ ತಲೆಯಾಡಿಸುತ್ತಿದ್ದಳು.